ಉಪ್ಪುನೀರಿನ ಅಯ್ಯಗೋಳು

ನಮ್ಮ ಬಚ್ಚಲಮನೆಯ ಗೂಡಿನಲ್ಲಿ ಹಲ್ಲುಜ್ಜುವ ಬ್ರಷ್ಷುಗಳ ನಡುವೆ ಹಸಿರು ಬ್ರಷ್ಷೊಂದು ನಿಂತಿರುತ್ತದೆ. ಅದು ಹುಟ್ಟಾ ಹಸಿರಲ್ಲ. ಕೊಂಡು ತಂದಾಗ ಬಿಳಿಯದೇ ಇತ್ತು. ನನ್ನ ಸೇವೆಗೆ ಬಿದ್ದ ಮೇಲೆ ಈ ಬಣ್ಣಕ್ಕೆ ತಿರುಗಿತು. ಅದನ್ನು ಅಲ್ಲಿ ಇಡಬೇಡಿ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಲೇ ಇದ್ದಾಳೆ. ಮತ್ತೆಲ್ಲಿ ಇಡಲಿ ಎಂದು ಕೇಳಿದರೆ ಅವಳಿಗೂ ತೋಚುವುದಿಲ್ಲ. ಹೀಗೆ ಅಲ್ಲಿಯೇ ಉಳಿದ ಆ ಬ್ರಷ್ಷು, ಹೋದ ಸುಗ್ಗಿಯಲ್ಲಿ ತುರ್ವಿಹಾಳದಿಂದ ಬಂದು ನಮ್ಮಲ್ಲಿ ವಸ್ತಿ ಇದ್ದ ಶರಣಪ್ಪ ಮಾವನ ಕೈಗೆ ಸಿಕ್ಕಿತು. ಶರಣಪ್ಪ ಮಾವ ನಮ್ಮವ್ವನ ತಮ್ಮ. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವನು. ಬ್ರಷ್ಷಿನ ವಿಷಯದಲ್ಲಿ ತನ್ನದು ಪರರದು ಎಂಬ ಭೇದ ಇಲ್ಲದ ಮನುಷ್ಯ. ಬೆಳಿಗ್ಗೆ ಬಾಯಿ ಮುಕ್ಕಳಿಸಿ ಬಂದು ಚಹಾಕ್ಕೆ ಕೂತವನು ನಾಲಿಗೆಯನ್ನು ಬಾಯೊಳಗೇ ಒಮ್ಮೆ ಹೊರಳಿಸಿದ.

“ಅಮರೇಶಾ, ನಿಮ್ಮ ಪೇಸ್ಟಿನ್ಯಾಗ ಉಪ್ಪು ಭಾಳ ಐತಲ್ಲೋ?”

ಗಿರಿಜಾ ಚಹಾದ ಕಪ್ಪು ಹಿಡಿದು ನಿಂತಲ್ಲೇ ನಿಂತಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಹೇಳುವುದೋ ಬಿಡುವುದೋ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಮಾವ, “ಇರಲಿ ಬಿಡು, ಉಪ್ಪು ಹಲ್ಲಿಗೆ ಚಲೋ” ಎಂದು ತಾನೇ ತೀರ್ಮಾನ ಕೊಟ್ಟು ಚಹಾ ಕುಡಿದ. ಅದು ಸಮುದ್ರದ ಉಪ್ಪು, ಆ ಬ್ರಷ್ಷಿನಿಂದ ನಾನು ಮೀನಿನ ಪೆಟ್ಟಿಗೆಯ ಕಲ್ಲುಗಳ ಪಾಚಿ ತಿಕ್ಕುತ್ತೇನೆ ಎಂಬುದು ಮಾವನಿಗೆ ಇವತ್ತಿಗೂ ಗೊತ್ತಿಲ್ಲ. ಭತ್ತದ ದರ ಬಿಟ್ಟು ಮತ್ತೇನನ್ನೂ ಅವನು ಓದುವುದಿಲ್ಲವಾದ್ದರಿಂದ ಇಲ್ಲಿ ಧೈರ್ಯವಾಗಿ ಬರೆದಿದ್ದೇನೆ.

ಸಿಂಧನೂರಿನಲ್ಲಿ ಕೂತವನಿಗೆ ಸಮುದ್ರದ ಉಪ್ಪು ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ಗಿರಿಜಾ ಕೂಡ ಇದನ್ನೇ ಕೇಳುತ್ತಾಳೆ. ನನ್ನದು ಗೊಬ್ಬರದ ಅಂಗಡಿ. ಬಿತ್ತನೆ ಕಾಲ ಬಂತೆಂದರೆ ನಮ್ಮ ಅಂಗಡಿಯ ಮುಂದೆ “ಯೂರಿಯಾ ಬಂತೇನ್ರಿ ಸಾವ್ಕಾರ್ರ?” ಎಂಬ ಒಂದೇ ಮಾತು. ಬಂದಿಲ್ಲ ಎಂದರೆ ನಾನೇ ಎಲ್ಲೋ ಬಚ್ಚಿಟ್ಟಿದ್ದೇನೆಂಬಂತೆ ನೋಡುತ್ತಾರೆ. ಅಂಥ ನಾನು ಸಂಜೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಕಾಲು ತೊಳೆದು, ಗಾಜಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನೀರಿನಲ್ಲಿ ನೈಟ್ರೇಟು ಯಾಕೆ ಇಷ್ಟು ಹೆಚ್ಚಾಯಿತು ಎಂದು ತಲೆ ಕೆರೆದುಕೊಳ್ಳುತ್ತಿದ್ದೆ. ಊರಿಗೆಲ್ಲ ಸಾರಜನಕ ಮಾರುವವನ ಮನೆಯಲ್ಲಿ ಸಾರಜನಕವನ್ನೇ ಉಂಡು ಬೇಡವಾದ ಬೆಳೆಯೊಂದು ಎದ್ದು ನಿಂತಿತ್ತು. ಯಾರೂ ಬಿತ್ತಿರಲಿಲ್ಲ, ಯಾರೂ ಗೊಬ್ಬರ ಎರಚಿರಲಿಲ್ಲ, ಹುಲುಸಾಗಿ ಬಂದಿತ್ತು.

ಇದೆಲ್ಲ ಶುರುವಾದದ್ದು ಗೋವಾದಲ್ಲಿ. ಗೊಬ್ಬರದ ಕಂಪನಿಯವರು ಒಮ್ಮೊಮ್ಮೆ ನಮ್ಮಂಥ ಅಂಗಡಿಯವರನ್ನು ಬಸ್ಸಿನಲ್ಲಿ ತುಂಬಿಕೊಂಡು ಟೂರಿಗೆ ಒಯ್ಯುತ್ತಾರೆ. ಉಳಿದವರೆಲ್ಲ ಹಾಡು ಹಚ್ಚಿಕೊಂಡು ಕುಣಿಯುತ್ತಿದ್ದಾಗ ನಾನು ಹೋಟೆಲಿನ ಬಾಗಿಲ ಪಡಸಾಲೆಯಲ್ಲಿದ್ದ ದೊಡ್ಡ ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟೆ. ಒಳಗೆ ನೇರಳೆ ಕಲ್ಲು, ಕೈಬೆರಳಿನಂತೆ ಅಲ್ಲಾಡುವ ಏನೋ ಒಂದು, ಅದರ ನಡುವೆ ಕೇಸರಿ ಬಣ್ಣದ ಮೀನು. ನಮ್ಮೂರ ಕಾಲುವೆಯ ಮೀನು ನನಗೆ ಗೊತ್ತು. ಅವು ಮಣ್ಣಿನ ಬಣ್ಣದವು, ನಾವು ಬಂದರೆ ಓಡಿಹೋಗುವಂಥವು. ಇವು ಗಾಜಿನ ಹತ್ತಿರ ಬಂದು ನನ್ನನ್ನೇ ನೋಡಿದವು. ಐವತ್ತು ದಾಟಿದ ಗಂಡಸು ಮೀನಿನ ಮುಂದೆ ಯಾಕೆ ಕಣ್ಣು ತುಂಬಿಕೊಂಡು ನಿಲ್ಲಬೇಕು? ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ನಮ್ಮದು ಮೀನು ತಿನ್ನುವ ಮನೆಯಲ್ಲ, ಸಾಕಿದ ಮನೆಯೂ ಅಲ್ಲ. ಆದರೂ ಬೇಕು ಅನ್ನಿಸಿತು.

ಊರಿಗೆ ಬಂದ ಮೇಲೆ ಹುಡುಕಿ ಹುಡುಕಿ ಸಲೀಂಭಾಯಿಯನ್ನು ಹಿಡಿದೆ. ಸಲೀಂಭಾಯಿ ಮುದಗಲ್ಲಿನವನು, ಹೈದರಾಬಾದಿನಲ್ಲಿ ಮೀನಿನ ಪೆಟ್ಟಿಗೆಗಳ ಅಂಗಡಿ ಇಟ್ಟಿದ್ದಾನೆ. ಪೆಟ್ಟಿಗೆ, ದೀಪ, ನೀರಿನ ಹೊಲಸನ್ನು ನೊರೆ ಮಾಡಿ ತೆಗೆಯುವ ಯಂತ್ರ, ಕಲ್ಲು, ಎಲ್ಲ ಬಂತು. ಕಡೆಗೆ ಒಂದು ಚೀಲ ಉಪ್ಪು ಬಂತು. ಗಿರಿಜಾ ಲಿಂಗಸೂಗೂರಿನ ವ್ಯಾಪಾರಸ್ಥರ ಮನೆಯ ಮಗಳು. ಯಾವ ಚೀಲ ಬಂದರೂ ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿಯೇ ಒಳಗೆ ಸೇರಿಸುವವಳು. ನೋಡಿದಳು. “ಉಪ್ಪ ಐತಲ್ರೀ ಇದು! ಉಪ್ಪಿಗೆ ಹೈದರಾಬಾದಿಗೆ ಹೋಗಬೇಕಾಗಿತ್ತೇನು? ಮೂಲಿ ಅಂಗಡ್ಯಾಗ ಸಿಗ್ತಿದ್ದಿಲ್ಲ?” ಅಡುಗೆಯ ಉಪ್ಪು ಬೇರೆ, ಈ ಉಪ್ಪು ಬೇರೆ ಎಂದು ನಾನು ವಿವರಿಸಿದೆ. ವಿವರಿಸುತ್ತ ವಿವರಿಸುತ್ತ ನನಗೇ ವ್ಯತ್ಯಾಸ ಮರೆಯಿತು.

ನಲ್ಲಿಯಲ್ಲಿ ಬರುವುದು ಕಾಲುವೆಯ ನೀರು. ಆ ನೀರು ಮೇಲಿನ ಗದ್ದೆಗಳ ಗೊಬ್ಬರ ತೊಳೆದುಕೊಂಡೇ ಬರುತ್ತದೆ. ನಾನು ಮಾರಿದ್ದೇ ಎಲ್ಲೋ ಸುತ್ತಿ ನನ್ನ ಮನೆಗೇ ಬಂದರೂ ಬಂದೀತು. ಅದಕ್ಕೆ ಓಣಿಯ ಶುದ್ಧನೀರಿನ ಘಟಕದಿಂದ ಕ್ಯಾನು ತುಂಬಿ ತಂದು, ದೊಡ್ಡ ಬಕೆಟ್ಟಿನಲ್ಲಿ ಉಪ್ಪು ಕಲಸಿ, ಪೆಟ್ಟಿಗೆ ತುಂಬಿಸಿದೆ. ಕುಡಿಯುವ ನೀರಿಗೆ ಉಪ್ಪು ಕಲಸುತ್ತಿರುವ ನನ್ನನ್ನು ಓಣಿಯವರು ಕಿಟಕಿಯಿಂದ ಇಣುಕಿ ನೋಡಿ ಹೋದರು.

ಮೀನು ಬಂದದ್ದು ಹೈದರಾಬಾದಿನ ಬಸ್ಸಿನಲ್ಲಿ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ. ಒಂದು ದೊಡ್ಡದು, ಒಂದು ಚಿಕ್ಕದು. ಪೆಟ್ಟಿಗೆಗೆ ಬಿಟ್ಟ ಕೂಡಲೇ ಎರಡೂ ಒಂದು ಕಲ್ಲಿನ ಪಕ್ಕ ಮನೆ ಮಾಡಿಕೊಂಡವು. ಇಲ್ಲಿಗೆ ನನ್ನ ಕಥೆ ಮುಗಿಯಬೇಕಿತ್ತು. ಆದರೆ ನಮ್ಮವ್ವ ಬಂದು ನೋಡಿದಳು.

ಅವ್ವನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಾನು ಹುಟ್ಟಿ ಬೆಳೆದದ್ದು ಮಸ್ಕಿಯಲ್ಲಿ. ಆಗ ನಮ್ಮ ಭಾಗದ ಜನರ ಕಚೇರಿ ಕೆಲಸವೆಲ್ಲ ಲಿಂಗಸೂಗೂರಿನಲ್ಲಿ. ಸುತ್ತಲಿನ ಹಳ್ಳಿಗಳಿಂದ ಬಂದವರು ಮಸ್ಕಿಯಲ್ಲಿ ಬಸ್ಸು ಬದಲಿಸಬೇಕು, ಬಸ್ಸು ಬರುವವರೆಗೆ ಕಾಯಬೇಕು. ನಮ್ಮ ಮನೆ ರಸ್ತೆಗೆ ಅಂಟಿಕೊಂಡೇ ಇತ್ತು. ಕಟ್ಟೆಯ ಮೇಲೆ ಯಾರು ಕೂತರೂ ಅವ್ವ ಒಳಗಿನಿಂದ, “ಉಂಡೀರೇನ್ರಿ?” ಎಂದು ಕೇಳುತ್ತಿದ್ದಳು. ಗುರುತು ಪರಿಚಯ ಆಮೇಲೆ. ಊಟ ಮಾಡಿ ಕೈ ತೊಳೆದ ಮೇಲೆಯೇ “ಯಾವೂರ್ರೀ ನಿಮ್ಮದು?” ಎಂದು ಕೇಳುತ್ತಿದ್ದುದು. ಮನೆಯ ಅಂಗಳದಲ್ಲಿ ಹಸಿದವರಿದ್ದರೆ ಅವ್ವ ಉಣ್ಣುತ್ತಿರಲಿಲ್ಲ. ನನಗೆ ಶಾಲೆಯಿಂದ ಬಂದ ಕೂಡಲೇ ಸಿಗಬೇಕಾದ ರೊಟ್ಟಿಯನ್ನು ಯಾರೋ ಮೀಸೆಯ ಮನುಷ್ಯ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿರುವುದನ್ನು ಕಂಬ ಹಿಡಿದು ನೋಡುತ್ತ ನಿಂತ ನೆನಪು ಎಷ್ಟೋ. ಅವ್ವ ನನಗೆ ಬೇರೆ ಬಡಿದು ಕೊಡುತ್ತಿದ್ದಳು, ಸುಳ್ಳು ಹೇಳಬಾರದು. ಆದರೆ ಆ ಮೊದಲಿನ ರೊಟ್ಟಿಯೇ ದೊಡ್ಡದಿತ್ತು ಎಂಬ ಅನುಮಾನ ನನಗೆ ಹೋಗಿಲ್ಲ.

ಆ ಅವ್ವ ಈಗ ನಮ್ಮ ಜೊತೆ ಸಿಂಧನೂರಿನಲ್ಲಿದ್ದಾಳೆ. ಮರೆವು ಬಂದಿದೆ. ಮೊದಲು ಅಡುಗೆಮನೆಯ ಡಬ್ಬಿಗಳು ಮರೆತವು, ಆಮೇಲೆ ವಾರಗಳು, ಆಮೇಲೆ ನಾವು. ಗಿರಿಜಾಳನ್ನು ತನ್ನ ಅಕ್ಕ ಎಂದುಕೊಳ್ಳುತ್ತಾಳೆ. ನನ್ನನ್ನು ಯಾರೆಂದುಕೊಳ್ಳುತ್ತಾಳೋ ದಿನಕ್ಕೊಂದು ಥರ. ಒಮ್ಮೆ ತನ್ನ ತಮ್ಮ, ಒಮ್ಮೆ ಕರೆಂಟಿನವನು, ಒಮ್ಮೆ ಬರೀ “ಯಾರಪ್ಪಾ ನೀ?” ನಾನು ಅಮರೇಶ ಎಂದರೆ, “ಹೌದಾ, ಚಲೋ ಹೆಸರು” ಎನ್ನುತ್ತಾಳೆ. ದಿನವಿಡೀ ಮಂಚದ ಮೇಲೆ ಗೋಡೆ ನೋಡುತ್ತ ಕೂರುತ್ತಿದ್ದಳು. ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಿದ್ದಳು.

ಮೀನು ಬಂದ ದಿನ ಅವ್ವ ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದಳು. ಪೆಟ್ಟಿಗೆಯ ಮುಂದೆ ನಿಂತಳು. ಬಹಳ ಹೊತ್ತು ನೋಡಿ ಸೆರಗು ತಲೆಗೆ ಎಳೆದುಕೊಂಡಳು.

“ಅಯ್ಯಗೋಳು ಯಾವಾಗ ಬಂದ್ರು?”

ನಮಗೆ ತಿಳಿಯಲಿಲ್ಲ. ಅಯ್ಯಗೋಳು ಎಂದರೆ ನಮ್ಮಲ್ಲಿ ಮನೆಗೆ ಬರುವ ಜಂಗಮರು. ಬಂದರೆ ಕಾಲಿಗೆ ನೀರು ಕೊಟ್ಟು, ಕೂರಿಸಿ, ಮೊದಲು ಅವರಿಗೆ ಎಡೆ ಮಾಡಿ ಆಮೇಲೆ ನಾವು ಉಣ್ಣಬೇಕು. ಯಾರೂ ಬಂದಿಲ್ಲವಲ್ಲ ಎಂದು ನಾನು ಬಾಗಿಲ ಕಡೆ ನೋಡಿದೆ. ಅವ್ವ ನನ್ನ ಕೈ ಹಿಡಿದು ಗಾಜಿನ ಕಡೆ ತಿರುಗಿಸಿದಳು.

“ಕಾವಿ ಉಟ್ಟಾರ, ಮೂರು ಬಟ್ಟು ವಿಭೂತಿ ಹಚ್ಚ್ಯಾರ, ಕಣ್ಣಿಗೆ ಕಾಣಂಗಿಲ್ಲೇನು? ಮನಿಗೆ ಬಂದವರಿಗೆ ಒಂದು ತಂಬಿಗಿ ನೀರರ ಕೊಟ್ಟೀರೋ ಇಲ್ಲೋ?”

ನೋಡಿದೆ. ಕೇಸರಿ ಮೈ, ಅದರ ಮೇಲೆ ಅಡ್ಡಲಾಗಿ ಮೂರು ಬಿಳಿ ಪಟ್ಟೆ. ಸಲೀಂಭಾಯಿ ಇಂಗ್ಲಿಷಿನಲ್ಲಿ ಆ ಮೀನಿಗೆ ಸರ್ಕಸ್ಸಿನ ಬಫೂನನ ಹೆಸರು ಹೇಳಿದ್ದ. ಅವ್ವ ಹೇಳಿದ್ದೇ ಹೆಚ್ಚು ಸರಿ ಕಂಡಿತು. ನೀರಿನಲ್ಲೇ ಮುಳುಗಿರುವವರಿಗೆ ತಂಬಿಗೆ ನೀರು ಎಲ್ಲಿ ಕೊಡುವುದೆಂದು ಗೊತ್ತಾಗದೆ ನಾನು ಕೈ ಮುಗಿದೆ.

ಅಂದಿನಿಂದ ಅವ್ವ ಬದಲಾದಳು. ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು, ವಿಭೂತಿ ಹಚ್ಚಿಕೊಂಡು, ಪೆಟ್ಟಿಗೆಯ ಮುಂದೆ ಬಂದು “ಶರಣ್ರಿ” ಎನ್ನುತ್ತಾಳೆ. ಮಂಚವನ್ನೂ ಗೋಡೆಯನ್ನೂ ಬಿಟ್ಟಳು. ನಮ್ಮ ಹೆಸರು ಅವಳಿಗೆ ಮರಳಲಿಲ್ಲ, ಆದರೆ ಅವಳಿಗೊಂದು ಮನೆ ಮರಳಿತು. ಮನೆಯಲ್ಲಿ ಬಂದವರಿದ್ದಾರೆ, ತಾನು ಮನೆಯ ಹೆಣ್ಣುಮಗಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಸಲೀಂಭಾಯಿಗೆ ಫೋನು ಮಾಡಿ ಸುಮ್ಮನೆ ಧನ್ಯವಾದ ಹೇಳಿದೆ. ಯಾಕೆಂದು ಅವನಿಗೆ ಅರ್ಥವಾಗಲಿಲ್ಲ.

ಪಾಚಿ ಶುರುವಾದದ್ದು ಆಗಲೇ. ಮೊದಲು ಕಲ್ಲಿನ ಮೇಲೆ ಎಳೆ ಮಗುವಿನ ಕೂದಲಿನ ಹಾಗೆ ಒಂದಿಷ್ಟು ಹಸಿರು. ಚೆಂದವಿದೆ ಅಂದುಕೊಂಡೆ. ನೋಡನೋಡುತ್ತಿದ್ದಂತೆ ಅದು ಉದ್ದವಾಯಿತು, ಗಾಜಿಗೆ ಹತ್ತಿತು, ದೀಪದ ಗಾಜಿನವರೆಗೂ ಹೋಯಿತು. ಸಲೀಂಭಾಯಿ ಪರೀಕ್ಷೆಯ ಸೀಸೆ ಕಳಿಸಿದ. ಗಾಜಿನ ನಳಿಕೆಯಲ್ಲಿ ಪೆಟ್ಟಿಗೆಯ ನೀರು ಹಾಕಿ, ಸೀಸೆಯ ಹನಿ ಬಿಟ್ಟು, ಅಲ್ಲಾಡಿಸಿ ಇಟ್ಟರೆ ಬಣ್ಣ ತಿರುಗುತ್ತದೆ. ಹಳದಿ ಇದ್ದರೆ ಕ್ಷೇಮ, ಕೆಂಪಾದಷ್ಟೂ ನೈಟ್ರೇಟು ಹೆಚ್ಚು. ನನ್ನದು ಕುಂಕುಮದ ನೀರಿನ ಹಾಗೆ ಕೆಂಪಾಯಿತು. ಸೀಸೆಯೇ ಕೆಟ್ಟಿರಬೇಕೆಂದು ಮತ್ತೊಮ್ಮೆ ಮಾಡಿದೆ. ಮತ್ತಷ್ಟು ಕೆಂಪು.

“ನೀರು ಬದಲಿ ಮಾಡ್ರಿ ಸಾವ್ಕಾರ್ರ” ಎಂದ ಸಲೀಂಭಾಯಿ. ಮಾಡಿದೆ. ಏನೂ ಆಗಲಿಲ್ಲ. “ಅರೇ, ಅಷ್ಟ್ಯಾಕ ಬದಲಿ ಮಾಡಿದ್ರಿ? ಮೀನಾ ಪರೇಶಾನ್ ಆಗ್ತಾವ” ಎಂದ. ಬಿಟ್ಟೆ. ಪಾಚಿ ತಿನ್ನುವ ಬಸವನಹುಳು ಕಳಿಸಿದ. ಅವು ಪಾಚಿ ಬಿಟ್ಟು ಗಾಜು ಹತ್ತಿ ಹೊರಗೆ ಬರಲು ನೋಡಿದವು. ನೈಟ್ರೇಟು ಹೀರಿಕೊಳ್ಳುವ ಒಳ್ಳೆಯ ಪಾಚಿಯೊಂದಿದೆ, ಅದನ್ನು ಬೆಳೆಸಿದರೆ ಕೆಟ್ಟ ಪಾಚಿಗೆ ಊಟ ಸಿಗದೆ ಸಾಯುತ್ತದೆ ಎಂದ. ಒಳ್ಳೆಯ ಪಾಚಿ ತರಿಸಿದೆ. ಅದು ಬಂದ ವಾರದಲ್ಲೇ ಕೆಟ್ಟ ಪಾಚಿ ಅದರ ಮೈಮೇಲೇ ಬೆಳೆಯಿತು. “ಇದು ನಂಗೂ ಹೊಸದು” ಎಂದ ಸಲೀಂಭಾಯಿ.

ಶರಣಪ್ಪ ಮಾವ ಬಂದವನು ನೋಡಿ ನಕ್ಕ. “ಗದ್ದ್ಯಾಗ ಪಾಚಿ ಬಂದ್ರ ಏನ್ ಮಾಡ್ತೀವಿ? ಮೈಲುತುತ್ತ ಚೀಲದಾಗ ಕಟ್ಟಿ ನೀರು ಬರೋ ಬಾಯಿಗೆ ಇಡ್ತೀವಿ. ನಿನ್ನ ಅಂಗಡ್ಯಾಗ ಐತಿ, ನಂಗ ಕೇಳ್ತಿಯಲ್ಲೋ!” ಹೌದಲ್ಲ ಅನ್ನಿಸಿತು. ನೀಲಿ ಹರಳು ಪೊಟ್ಟಣ ಕಟ್ಟಿಕೊಂಡು ಮನೆಗೆ ತಂದೂ ಬಿಟ್ಟಿದ್ದೆ. ಪುಣ್ಯಕ್ಕೆ ಹಾಕುವ ಮೊದಲು ಸಲೀಂಭಾಯಿಗೆ ಒಂದು ಮಾತು ಹೇಳಿದೆ. ಫೋನಿನಲ್ಲಿ ಅವನು ಕೂಗಿದ್ದು ಒಳಗೆ ಒಲೆಯ ಮುಂದಿದ್ದ ಗಿರಿಜಾಗೂ ಕೇಳಿಸಿತು. ತಾಮ್ರ ಬಿದ್ದರೆ ಬಸವನಹುಳು ಒಂದೂ ಉಳಿಯುವುದಿಲ್ಲವಂತೆ. ಯಾವುದು ಮದ್ದು, ಯಾವುದು ವಿಷ ಎಂದು ಜನಕ್ಕೆ ಹೇಳಿ ಹೇಳಿ ಮಾರುವ ನನಗೆ ಮನೆಯ ಪೆಟ್ಟಿಗೆಯ ವಿಷಯದಲ್ಲಿ ಒಂದೂ ತಿಳಿಯುತ್ತಿರಲಿಲ್ಲ.

ಕಡೆಗೆ ಕತ್ತಲೆಯ ಉಪಾಯ. ಬೆಳಕಿಲ್ಲದಿದ್ದರೆ ಪಾಚಿ ಸೊರಗುತ್ತದೆ, ಕೆಲವು ದಿನ ಪೆಟ್ಟಿಗೆ ಮುಚ್ಚಿಡಿ ಅಂದ ಸಲೀಂಭಾಯಿ. ಅವ್ವ ಹೊಲಿದ ಹಳೆಯ ಕೌದಿಯನ್ನೇ ಹೊದಿಸಿದೆ. ಅವ್ವ ಬಂದು ನೋಡಿ ಗಾಬರಿಯಾದಳು. “ಅಯ್ಯಗೋಳಿಗೆ ಆರಾಮಿಲ್ಲೇನು? ಮುಸುಕು ಹಾಕ್ಕೊಂಡು ಮಲಗ್ಯಾರ?” ಗಿರಿಜಾಳ ಹತ್ತಿರ ಹೋಗಿ, “ಅಕ್ಕಾ, ಸ್ವಲ್ಪ ಗಂಜಿ ಮಾಡ” ಎಂದಳು. ಅವ್ವನಿಗೇ ಗಂಜಿ ಬೇಕಾಗಿದೆ ಎಂದು ಗಿರಿಜಾ ಮಾಡಿಕೊಟ್ಟಳು. ಅವ್ವ ಬಟ್ಟಲು ಖಾಲಿ ಮಾಡಿ ತಂದಿಟ್ಟಳು. ಅಷ್ಟು ಚೆನ್ನಾಗಿ ಉಂಡಳಲ್ಲ ಎಂದು ನಾವಿಬ್ಬರೂ ಖುಷಿಪಟ್ಟೆವು. ಕೌದಿ ತೆಗೆದಾಗ ಪಾಚಿ ಹಾಗೆಯೇ ಇತ್ತು. ನೀರು ಮಾತ್ರ ಹಾಲು ಕಲಸಿದಂತೆ ಬೆಳ್ಳಗಾಗಿತ್ತು.

ಇನ್ನು ಆಗುವುದಿಲ್ಲವೆಂದು ಕಲ್ಲುಗಳನ್ನು ಒಂದೊಂದೇ ಹೊರತೆಗೆದು ತಿಕ್ಕಲು ಕೂತೆ. ಹಿಂದಿನ ದೊಡ್ಡ ಕಲ್ಲು ಎತ್ತಿದರೆ ಕೆಳಗೆ ಬೂದುಬಣ್ಣದ ಮುದ್ದೆ. ಬೆರಳಿನಿಂದ ಬಿಡಿಸಿ ನೋಡಿದೆ. ಅನ್ನದ ಅಗುಳು. ಜೋಳದ ರೊಟ್ಟಿಯ ಅಂಚು. ಒಂದು ಕಡೆ ಹೋಳಿಗೆಯದೋ ಏನೋ ಬೇಳೆಯ ಹೂರಣ. ಮೀನಿನ ಪೆಟ್ಟಿಗೆಯೊಳಗೆ ಯಾರೋ ಹಬ್ಬ ಮಾಡಿದ್ದರು. ಇಲಿ ಇರಬೇಕೆಂದೆ. ಹೋಳಿಗೆ ಒಯ್ದು ಉಪ್ಪುನೀರಿನಲ್ಲಿಡುವ ಇಲಿ ಎಲ್ಲಿಯದ್ರೀ ಎಂದಳು ಗಿರಿಜಾ.

ಮರುದಿನ ಅಂಗಡಿಯಲ್ಲಿ ಮಾರಲು ಯೂರಿಯಾ ಇರಲಿಲ್ಲವಾದ್ದರಿಂದ ಮಧ್ಯಾಹ್ನವೇ ಮನೆಗೆ ಬಂದೆ. ಅವ್ವ ಪೆಟ್ಟಿಗೆಯ ಮುಂದೆ ಮಣೆಯ ಮೇಲೆ ಹತ್ತಿ ನಿಂತಿದ್ದಳು. ತಲೆಯ ಮೇಲೆ ಸೆರಗು, ಎಡಗೈಯಲ್ಲಿ ತನ್ನ ಊಟದ ತಟ್ಟೆ. ಬಲಗೈಯಿಂದ ರೊಟ್ಟಿ ಮುರಿದು, ಪುಡಿ ಮಾಡಿ, ನೀರಿಗೆ ಬಿಡುತ್ತಿದ್ದಳು. “ಒಂದ ತುತ್ರೀ ಅಯ್ಯಾರ. ಒಂದ ತುತ್ತು. ನಾಚಬ್ಯಾಡ್ರಿ.” ಮೀನುಗಳೆರಡೂ ಮೇಲೆ ಬಂದು ಬಾಯಿ ತೆರೆಯುತ್ತ ಮುಚ್ಚುತ್ತ ನಿಂತಿದ್ದವು. ಯಾವಾಗಿನಿಂದ ಹೀಗೆ ನಡೆದಿತ್ತೋ! ಉಣಿಸಿದ್ದು ಅವಳಿಗೆ ಮರೆಯುತ್ತದೆ, ಹೀಗಾಗಿ ಮತ್ತೆ ಬಂದು ಉಣಿಸುತ್ತಾಳೆ. ಅವು ತಿಂದಷ್ಟು ತಿಂದು, ಉಳಿದದ್ದು ಕಲ್ಲಿನ ಕೆಳಗೆ ಕೊಳೆತು, ನೀರಿಗೆ ನೈಟ್ರೇಟಾಗಿ ಇಳಿದು, ಪಾಚಿ ಅದನ್ನು ಉಂಡು ಕೊಬ್ಬುತ್ತಿತ್ತು. ನಮ್ಮವ್ವನ ಪಂಕ್ತಿಯಲ್ಲಿ ಎಂದಿನಂತೆ ಯಾರೂ ಹಸಿದು ಎದ್ದಿರಲಿಲ್ಲ, ಪಾಚಿಯೂ ಸಹ.

“ಅವ್ವ, ಅವು ಕೇಳಾಕತ್ತಿಲ್ಲ. ಉಸಿರಾಡಾಕ ಬಾಯಿ ತೆಗಿತಾವ” ಎಂದೆ.

“ಬಾಯಿ ತೆಗೆದು ನಿಂತವರ ಮುಂದ ತಾಟು ಹಿಡಕೊಂಡು ಸುಮ್ಮ ನಿಂದ್ರಲೇನು?” ಎಂದಳು.

ಚಿಕ್ಕ ಮೀನು ಆ ಹೊತ್ತಿಗೆ ಮೂಲೆ ಹಿಡಿಯತೊಡಗಿತ್ತು. ಒಂದು ಪಕ್ಕಕ್ಕೆ ವಾಲಿ ಬಡಬಡ ಉಸಿರಾಡುತ್ತಿತ್ತು. ಬಸವನಹುಳುಗಳು ಒಂದೊಂದಾಗಿ ಸತ್ತಿದ್ದವು. “ಹಿಂಗಾ ನಡದ್ರ ಎರಡೂ ಉಳಿಯಂಗಿಲ್ಲ ಸಾವ್ಕಾರ್ರ, ಹೊರಗಿನ ಊಟ ಬಂದ್ ಮಾಡ್ರಿ” ಎಂದು ಸಲೀಂಭಾಯಿ ಖಂಡಿತವಾಗಿ ಹೇಳಿದ. ನನಗೆ ಹೆದರಿಕೆಯಾಯಿತು. ಮೀನು ಸತ್ತರೆ ಬೇರೆ ತರಬಹುದು. ಆದರೆ ಅಯ್ಯಗೋಳು ಮನೆಯಲ್ಲಿ ಸತ್ತರೆಂದು ಅವ್ವನಿಗೆ ಹೇಗೆ ಹೇಳುವುದು? ಉಣಿಸಿದ ಕೈಯೇ ಕೊಂದಿತೆಂದು ಅವಳಿಗೆ ಎಲ್ಲಿಯಾದರೂ ಹೊಳೆದುಬಿಟ್ಟರೆ? ಮತ್ತೆ ಆ ಮಂಚ, ಆ ಗೋಡೆ.

ಪೆಟ್ಟಿಗೆಗೆ ಮುಚ್ಚಳ ಮುಚ್ಚಿ ಮೇಲೆ ಭಾರ ಇಟ್ಟೆ. ಅವ್ವ ಅದನ್ನು ಎತ್ತಲು ನೋಡಿದಳು, ಆಗಲಿಲ್ಲ. ತಟ್ಟೆಯನ್ನು ಪೆಟ್ಟಿಗೆಯ ಮುಂದೆ ಇಟ್ಟು ತಾನೂ ಅಲ್ಲೇ ಕೂತಳು. ಗಿರಿಜಾ ಊಟಕ್ಕೆ ಕರೆದಳು, ನಾನು ಕರೆದೆ. “ಅಯ್ಯಗೋಳು ಹಸದು ಕುಂತಾರ. ನಾ ಹೆಂಗ ಉಣ್ಣಲಿ?” ಸಂಜೆಯವರೆಗೂ ಒಂದು ತುತ್ತು ಮುಟ್ಟಲಿಲ್ಲ. ರೊಟ್ಟಿ ಒಣಗಿ ಹಪ್ಪಳವಾಯಿತು.

ಆಗ ಗಿರಿಜಾಗೆ ಒಂದು ಉಪಾಯ ಹೊಳೆಯಿತು. “ಅತ್ತೀ, ಇವತ್ತು ಸೋಮವಾರ. ಅಯ್ಯಗೋಳದು ಒಪ್ಪತ್ತು ಐತಿ, ಹಗಲಿ ಉಣ್ಣಂಗಿಲ್ಲ” ಎಂದಳು. ಅವ್ವನ ಮುಖ ತಿಳಿಯಾಯಿತು. “ಹೌದಾ? ಮೊದಲ ಹೇಳಬಾರದಾ?” ಎಂದು ಎದ್ದಳು. ನಮಗೆ ಕುಣಿಯುವಷ್ಟು ಖುಷಿ, ಮುಚ್ಚಳದ ಮೇಲಿನ ಭಾರವನ್ನೂ ಇಳಿಸಿದೆ. ವಾರ ಅವಳಿಗೆ ನೆನಪಿರುವುದಿಲ್ಲ, ಆದ್ದರಿಂದ ನಮ್ಮ ಮನೆಯಲ್ಲಿ ದಿನವೂ ಸೋಮವಾರ ಮಾಡಿದೆವು. ರಾತ್ರಿ ಪೆಟ್ಟಿಗೆಯ ದೀಪ ಆರಿಸಿ, ಅಯ್ಯಗೋಳು ಉಂಡು ಮಲಗಿದರು ಎಂದೆವು. ಎಂಥ ಮೂರ್ಖರು ನೋಡಿ ನಾವು! ಅವ್ವ ತಾನು ಮದುವೆಯಾಗಿ ಬಂದಾಗಿನಿಂದ ಸೋಮವಾರ ಒಪ್ಪತ್ತು ಮಾಡಿಕೊಂಡು ಬಂದವಳು. ಎಲ್ಲ ಮರೆತರೂ ಅದನ್ನು ಮರೆತಿರಲಿಲ್ಲ. ದಿನವೂ ಸೋಮವಾರವಾದ್ದರಿಂದ ದಿನವೂ ಹಗಲು ಉಪವಾಸ ಕೂತಳು. ರವಿಕೆ ಸಡಿಲಾದ ಮೇಲೆ ನಮಗೆ ಬುದ್ಧಿ ಬಂತು. ಗಿರಿಜಾ ಒಲೆಯ ಮುಂದೆ ಕೂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಬಂದು, “ಅತ್ತೀ, ಇವತ್ತು ಮಂಗಳವಾರ, ಉಣ್ರಿ” ಎಂದು ಘೋಷಿಸಿದಳು.

ಮಂಗಳವಾರ ಬಂದ ಕೂಡಲೇ ಅವ್ವ ತಟ್ಟೆ ಹಿಡಿದು ಪೆಟ್ಟಿಗೆಯ ಕಡೆ ಹೊರಟಳು. ನಾನು ಆಗತಾನೇ ಹೊಟ್ಟೆ ತುಂಬ ಉಂಡು ಅಂಗಡಿಗೆ ಹೊರಟಿದ್ದೆ. ಏನು ಮಾಡಬೇಕೆಂದೇ ತಿಳಿಯಲಿಲ್ಲ. ಅಡ್ಡ ಹೋಗಿ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತುಬಿಟ್ಟೆ.

“ಅವ್ವ, ನಂಗ ಹಸಿವಾಗೈತಿ.”

ಅವ್ವ ನನ್ನನ್ನು ನೋಡಿದಳು. ಮೀನನ್ನು ನೋಡಿದಳು. ತುಸು ಹೊತ್ತು ಅವಳಿಗೂ ಗೊಂದಲವಾದಂತೆ ಕಂಡಿತು. ಆಮೇಲೆ ಗಾಜಿನ ಕಡೆ ತಿರುಗಿ, “ಸ್ವಲ್ಪ ತಡೀರಿ ಅಯ್ಯಾರ, ಈ ಹುಡುಗ ಹಸದಾನ” ಎಂದು ಅವರ ಅಪ್ಪಣೆ ಪಡೆದು ನನ್ನ ಮುಂದೆ ತಟ್ಟೆ ಇಟ್ಟಳು. ಅರ್ಧ ತಲೆ ನೆರೆತ ಹುಡುಗ ಉಂಡ. ಅವ್ವ ಎದುರಿಗೆ ಕೂತು ಪಲ್ಯ ಹಾಕಿದಳು, ಮೊಸರು ಹಾಕಿದಳು, ಇನ್ನೊಂದು ರೊಟ್ಟಿಗೆ ಗಿರಿಜಾಳನ್ನು ಕೂಗಿದಳು. ನಾನು ಉಂಡು ಎದ್ದ ಮೇಲೆ ತಾನೂ ಉಂಡಳು. ಮೀನಿನ ನೆನಪು ಅವಳಿಗೆ ಹೋಗಿತ್ತು.

ಅಂದಿನಿಂದ ಇದೇ ನನ್ನ ಉದ್ಯೋಗ. ಅವ್ವ ತಟ್ಟೆ ಎತ್ತಿದಳೆಂದು ಗಿರಿಜಾ ಫೋನು ಮಾಡುತ್ತಾಳೆ. ನಾನು ಗಿರಾಕಿಯನ್ನು ಬಿಟ್ಟು ಸ್ಕೂಟರು ಹತ್ತಿ ಮನೆಗೆ ಹೋಗಿ ಹಸಿಯುತ್ತೇನೆ. ಕೆಲವು ದಿನ ಹೋಗಿ ಬಂದು ಮತ್ತೆ ಹೋಗುತ್ತೇನೆ. ಕಲ್ಲುಗಳನ್ನೆಲ್ಲ ತೊಳೆದು, ನೀರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ ಬಂದೆವು. ನಳಿಕೆಯ ಕೆಂಪು ಕಿತ್ತಳೆಯಾಯಿತು, ಕಿತ್ತಳೆ ಹಳದಿಯ ಹತ್ತಿರ ಬಂತು. ಪಾಚಿ ಕಂದಿ, ಉದುರಿ, ಹಿಂದಿನ ಗಾಜಿನ ಮೂಲೆಯಲ್ಲಿ ಒಂದಿಷ್ಟು ಉಳಿದಿದೆ. ಚಿಕ್ಕ ಮೀನು ನೆಟ್ಟಗಾಗಿ ದೊಡ್ಡದರ ಹಿಂದೆ ತಿರುಗುತ್ತಿದೆ. ಇತ್ತ ನನ್ನ ಹೊಟ್ಟೆ ಮುಂದೆ ಬಂತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಯಾಕೆ ಹೀಗೆ ಏರಿತು, ದಿನಕ್ಕೆ ಎಷ್ಟು ಸಲ ಊಟ ಮಾಡುತ್ತೀರಿ ಎಂದು ಕೇಳಿದರು. ಅಕ್ವೇರಿಯಮ್ಮಿನ ನೈಟ್ರೇಟು ಇಳಿಸಲು ಉಣ್ಣುತ್ತಿದ್ದೇನೆ ಎಂದು ಯಾವ ಡಾಕ್ಟರಿಗೆ ಹೇಳುವುದು? ಬಾಯಿ ತೆರೆದೆ, ಮುಚ್ಚಿದೆ. ಗಿರಿಜಾ ಈಗ ಅವ್ವನ ತಟ್ಟೆಗೆ ಅಂಗೈಯಗಲದ ರೊಟ್ಟಿ ಬಡಿಯುತ್ತಾಳೆ. ಅವ್ವ ಅವನ್ನು ನೋಡಿ, “ಅಕ್ಕಾ, ಜ್ವಾಳಕ್ಕ ಇಷ್ಟು ಬರಾ ಬಂತೇನ?” ಎನ್ನುತ್ತಾಳೆ.

ಮೊನ್ನೆಯೂ ಹೀಗೇ ಹೋಗಿ ಕೂತಿದ್ದೆ. ಉಂಡು ಮುಗಿಸಿದೆ. ಕೈ ತೊಳೆದು ಬಂದ ಮೇಲೆ ಅವ್ವ ಕೇಳಿದಳು.

“ಯಾವೂರಪ್ಪಾ ನಿಂದು?”

“ಮಸ್ಕಿ, ಅವ್ವ.”

“ನಮ್ಮದೂ ಮಸ್ಕಿನಾ! ಯಾರ ಮನಿ ಪೈಕಿ?”

ಅಪ್ಪನ ಹೆಸರು ಹೇಳಿದೆ, ರಸ್ತೆಗೆ ಹತ್ತಿದ ಮನೆ ಎಂದೆ. ಅವ್ವನ ಕಣ್ಣುಗಳು ಅರಳಿದವು. ನನ್ನ ಮೊಣಕಾಲ ಮೇಲೆ ಕೈ ಇಟ್ಟಳು.

“ಅದಾ ಮನ್ಯಾಗ ನನ್ನ ಮಗ ಅದಾನ ನೋಡು. ಅಮರೇಶ ಅಂತ. ನೋಡೀಯೇನು ಅವನ್ನ?”

“ನೋಡೀನವ್ವ.”

“ಹೆಂಗದಾನ?”

ಆರಾಮದಾನ ಎಂದೆ. ಅವ್ವ ಅದನ್ನು ನಂಬಲಿಲ್ಲ. ಡಬ್ಬಿಯಿಂದ ರೊಟ್ಟಿ ತೆಗೆದು, ಶೇಂಗಾ ಚಟ್ನಿ ಹಾಕಿ, ಎಣ್ಣೆ ಬಿಟ್ಟು, ಮಡಿಚಿ ನನ್ನ ಕೈಯಲ್ಲಿಟ್ಟು, ಬೆರಳುಗಳನ್ನು ಅದರ ಮೇಲೆ ಮುಚ್ಚಿದಳು.

“ಊರಿಗೆ ಹೋದಕೂಡ್ಲೆ ಅವನ ಕೈಯಾಗ ಇದನ್ನ ಕೊಡು. ಮಂದಿಗೆಲ್ಲ ನೀಡೋದ್ರಾಗ ಅವಂದೊಂದು ತಡಾ ಆಕ್ಕೈತಿ ನೋಡು. ಕಂಬ ಹಿಡಕೊಂಡು ನಿಂತಿರತಾನ, ಬಾಯಿ ಬಿಟ್ಟು ಕೇಳಂಗಿಲ್ಲ. ನಿಮ್ಮವ್ವ ಕೊಟ್ಟಾಳ ಅಂತ ಹೇಳು.” ಬಾಗಿಲವರೆಗೂ ಬಂದು, “ದಾರ್ಯಾಗ ನೀ ತಿನ್ನಬ್ಯಾಡ ಮತ್ತ” ಎಂದಳು.

ಹೊರಗೆ ಬಂದು ಸ್ಕೂಟರಿನ ಪಕ್ಕ ರೊಟ್ಟಿ ಹಿಡಿದು ನಿಂತೆ. ತಿಂದರೆ ಮಾತು ತಪ್ಪಿದಂತೆ, ತಿನ್ನದಿದ್ದರೆ ಕೊಟ್ಟದ್ದು ಮುಟ್ಟದಂತೆ. ಹೊಟ್ಟೆಯಲ್ಲಿ ಜಾಗವೂ ಇರಲಿಲ್ಲ, ಡಾಕ್ಟರು ಬೇರೆ ಹೆದರಿಸಿದ್ದರು. ಚಟ್ನಿಯ ಎಣ್ಣೆ ಬೆರಳ ಸಂದಿಗೆ ಇಳಿಯುತ್ತಿತ್ತು. ಓಣಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, “ಅಮರೇಶಾ, ನಿಮ್ಮವ್ವ ಕೊಟ್ಟಾಳ” ಎಂದು ಗಟ್ಟಿಯಾಗಿ ಹೇಳಿದೆ. ಆಮೇಲೆ ತಿಂದೆ.